ಜಗಲಿಯ ಭಾಷೆ

ಆಟಿ ತಿಂಗಳ ಒಂದು ಭಾನುವಾರ ಉಡುಪಿ ಕಡೆಯ ಶಂಕರಪುರದ ಹತ್ತಿರ ಇರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮಳೆ ಒಂದೇ ಸಮ ಸುರಿಯುತ್ತಿತ್ತು. ಪತ್ರೊಡೆ ತಿಂದು ಕೈ ತೊಳೆದು ಬರುವಷ್ಟರಲ್ಲಿ ಚಿಕ್ಕಮ್ಮ ಚಾವಡಿಯ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ತಂದಿಟ್ಟಿದ್ದರು. ಧೂಳು ಬೀಳದ ಹಾಗೆ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿದ್ದರು.

"ಇದನ್ನು ನನಗೆ ಓದ್ಲಿಕ್ಕೆ ಆಗುವ ಹಾಗೆ ಮಾಡಿ ಕೊಡ್ತಿಯಾ?" ಅಂತ ಕೇಳಿದರು. ನಮ್ಮ ಮನೆಮಾತು ತುಳು. ಅವರು ಕೇಳಿದ್ದು ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಲ್ಯಾಪ್‌ಟಾಪ್ ಚಿಕ್ಕಪ್ಪನದ್ದು. ಅವರು ಕುವೈತಿನಲ್ಲಿ 22 ವರ್ಷ ಒಂದು ಸಣ್ಣ ಆಫೀಸಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಹೋದ ವರ್ಷ ಆಫೀಸ್ ಮುಚ್ಚುವಾಗ ಅಲ್ಲಿದ್ದ ಹಳೆಯ ಲ್ಯಾಪ್‌ಟಾಪುಗಳನ್ನು ಕೆಲಸದವರಿಗೆ ಹಂಚಿದರಂತೆ. ಊರಿಗೆ ಬರುವಾಗ ಚಿಕ್ಕಪ್ಪ ತಮ್ಮ ಪಾಲಿನದ್ದನ್ನು ಬಟ್ಟೆಗಳ ನಡುವೆ ಸುತ್ತಿ ತಂದಿದ್ದರು. ಒಳಗೆ ಉಬುಂಟು ಇತ್ತು, 22.04. ವಿಂಡೋಸ್ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ಒಂದು ಬಗೆ ಅದು. ಯಂತ್ರ ಹಳೆಯದಾದರೂ ಗಟ್ಟಿಯಾಗಿತ್ತು.

ಚಿಕ್ಕಮ್ಮನಿಗೆ ಅದು ಬೇಕಾಗಿದ್ದದ್ದು ಮಲ್ಲಿಗೆಯ ಲೆಕ್ಕಕ್ಕೆ. ಅವರ ಹಿತ್ತಿಲಲ್ಲಿ ಮಲ್ಲಿಗೆ ಗಿಡಗಳಿವೆ. ಅದರ ಜೊತೆಗೆ ಅಕ್ಕಪಕ್ಕದ ಏಳೆಂಟು ಮನೆಗಳ ಹೂವನ್ನೂ ಅವರೇ ಒಟ್ಟು ಮಾಡಿ ಏಜೆಂಟರಿಗೆ ಕೊಡುತ್ತಾರೆ. ನಮ್ಮ ಕಡೆ ಮಲ್ಲಿಗೆಯನ್ನು ತೂಕದಲ್ಲಿ ಮಾರುವುದಿಲ್ಲ. 800 ಹೂವು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನಾ ಬದಲಾಗುತ್ತದೆ. ಯಾರ ಮನೆಯ ಹೂವು ಯಾವ ದಿನ ಎಷ್ಟು, ಆ ದಿನ ದರ ಎಷ್ಟು, ಇದೆಲ್ಲ 200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ಇರುತ್ತದೆ. ತಿಂಗಳ ಕೊನೆಗೆ ಕೂಡಿಸಿ ಕಳೆಯಲು ಎರಡು ರಾತ್ರಿ ಬೇಕು. ಮಳೆಗಾಲದಲ್ಲಿ ಹೂವು ಕಡಿಮೆ. ಹಾಗಾಗಿ ಕಲಿಯುವುದಿದ್ದರೆ ಈಗಲೇ ಕಲಿತುಬಿಡಬೇಕು ಅಂತ ಅವರು ತೀರ್ಮಾನ ಮಾಡಿದ್ದರು.

ಆನ್ ಮಾಡಿದೆ. ಲಾಗಿನ್ ಪರದೆ ಬಂತು. ಪೂರ್ತಿ ಅರಬ್ಬಿ.

ಅಕ್ಷರ ಮಾತ್ರ ಅಲ್ಲ, ಇಡೀ ಪರದೆಯೇ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿತ್ತು. ಅರಬ್ಬಿಯನ್ನು ಬಲದಿಂದ ಎಡಕ್ಕೆ ಓದುತ್ತಾರಲ್ಲ, ಹಾಗಾಗಿ ಬ್ಯಾಟರಿ, ನೆಟ್‌ವರ್ಕಿನ ಗುರುತು ಎಲ್ಲ ಎಡಗಡೆಗೆ ಬಂದಿದ್ದವು. ಮಧ್ಯದಲ್ಲಿ ಚಿಕ್ಕಪ್ಪನ ಹೆಸರು ಇಂಗ್ಲಿಷಿನಲ್ಲಿತ್ತು. ಅದೊಂದು ಬಿಟ್ಟರೆ ಓದಲು ಏನೂ ಇಲ್ಲ.

ಚಿಕ್ಕಪ್ಪ ಪಾಸ್‌ವರ್ಡ್ ಹೇಳಿ ಸ್ನಾನಕ್ಕೆ ಹೋದರು. ಟೈಪ್ ಮಾಡಿದೆ. ಅರಬ್ಬಿಯಲ್ಲಿ ಒಂದು ಸಾಲು ಬಂತು, ತಪ್ಪು ಅಂತ ಇರಬೇಕು. ಇನ್ನೊಮ್ಮೆ ನಿಧಾನವಾಗಿ ಟೈಪ್ ಮಾಡಿದೆ. ಮತ್ತೆ ಅದೇ ಸಾಲು. ಚುಕ್ಕೆಗಳು ಮಾತ್ರ ಕಾಣುವುದರಿಂದ ಎಲ್ಲಿ ತಪ್ಪುತ್ತಿದೆ ಅಂತ ಗೊತ್ತಾಗುತ್ತಿರಲಿಲ್ಲ. ಆಮೇಲೆ ನೆನಪಾಯಿತು, ಆ ಪೆಟ್ಟಿಗೆಯ ಒಂದು ತುದಿಯಲ್ಲಿ ಕಣ್ಣಿನ ಸಣ್ಣ ಚಿತ್ರ ಇರುತ್ತದೆ. ಅದನ್ನು ಒತ್ತಿದರೆ ಚುಕ್ಕೆಗಳ ಬದಲು ಅಕ್ಷರ ಕಾಣುತ್ತದೆ. ಒತ್ತಿದೆ. ಒಳಗೆಲ್ಲ ಅರಬ್ಬಿ ಅಕ್ಷರ! ನಾನು ಎ ಒತ್ತಿದಲ್ಲಿ ಶೀನ್, ಎಸ್ ಒತ್ತಿದಲ್ಲಿ ಸೀನ್. ಕೀಬೋರ್ಡಿನ ವಿನ್ಯಾಸವೂ ಅರಬ್ಬಿಯಲ್ಲೇ ಶುರುವಾಗುತ್ತಿತ್ತು. ಕಿಟಕಿ ಗುರುತಿನ ಸೂಪರ್ ಕೀ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸಿದ ಮೇಲೆ ಬಾಗಿಲು ತೆರೆಯಿತು. ಒಳಗೆ ನೋಡಿದರೆ ಎಲ್ಲ ಇಂಗ್ಲಿಷ್. ಅರಬ್ಬಿಯ ಸುಳಿವೂ ಇಲ್ಲ.

ಚಿಕ್ಕಪ್ಪ ತಲೆ ಒರೆಸಿಕೊಳ್ಳುತ್ತಾ ಬಂದರು. "ನಿಮಗೆ ಅರಬ್ಬಿ ಓದ್ಲಿಕ್ಕೆ ಬರ್ತದಾ ಚಿಕ್ಕಪ್ಪ?" ಅಂತ ಕೇಳಿದೆ.

"ಇಲ್ಲಪ್ಪ. ಮಾತಾಡ್ಲಿಕ್ಕೆ ಸ್ವಲ್ಪ ಬರ್ತದೆ. ಓದ್ಲಿಕ್ಕೆ ಎಂತ ಇದೆ? ಆ ಕಿಟಕಿ ಗುರುತಿನ ಕೀ ಒತ್ತುದು, ಹೆಸರು ಒತ್ತುದು, ಪಾಸ್‌ವರ್ಡ್ ಹಾಕುದು. ಅಭ್ಯಾಸ ಆಗಿ ಹೋಗ್ತದೆ."

ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಅಭ್ಯಾಸ ಯಾಕೆ ಮಾಡ್ಕೊಳ್ಬೇಕು? ಓದಿದ್ರೆ ಆಯ್ತಲ್ಲ" ಅಂದರು.

ಇಂಥ ಪರದೆ ನೋಡಿದವರಿಗೆ ಮೊದಲು ಬರುವ ಪ್ರಶ್ನೆ, ಒಳಗೆ ಇಂಗ್ಲಿಷ್ ಇರುವಾಗ ಹೊರಗೆ ಯಾಕೆ ಬೇರೆ ಭಾಷೆ ಅಂತ. ಚಿಕ್ಕಮ್ಮನೂ ಅದನ್ನೇ ಕೇಳಿದರು. ನಾನು ಅವರ ಮನೆಯನ್ನೇ ತೋರಿಸಿ ಹೇಳಿದೆ. ಹೊರಗೆ ಜಗಲಿ, ಒಳಗೆ ಕೋಣೆಗಳು. ಕೋಣೆಯನ್ನು ಅವರವರು ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಚಿಕ್ಕಪ್ಪ ತಮ್ಮ ಕೋಣೆಗೆ ಇಂಗ್ಲಿಷ್ ಅಂತ ಹೇಳಿದ್ದಾರೆ, ಯಂತ್ರ ಅದನ್ನು ಅವರ ಹೆಸರಿನಲ್ಲಿ ಬರೆದಿಟ್ಟುಕೊಂಡಿದೆ. ಆದರೆ ಜಗಲಿ ಒಬ್ಬರದ್ದಲ್ಲ, ಇಡೀ ಮನೆಯದ್ದು. ಲಾಗಿನ್ ಪರದೆ ಬರುವ ಹೊತ್ತಿಗೆ ಯಾರು ಬಂದಿದ್ದಾರೆ ಅಂತ ಯಂತ್ರಕ್ಕೆ ಇನ್ನೂ ಗೊತ್ತಿರುವುದಿಲ್ಲ. ಹಾಗಾಗಿ ಅದು ಇಡೀ ವ್ಯವಸ್ಥೆಗೆ ಇಟ್ಟ ಭಾಷೆಯಲ್ಲಿ ಮಾತಾಡುತ್ತದೆ. ಅದನ್ನು ಇಟ್ಟವರು ಉಬುಂಟು ಹಾಕಿದವರು. ಕುವೈತಿನಲ್ಲಿ ಯಾರೋ ಅರಬ್ಬಿ ಆರಿಸಿ ಹಾಕಿದ್ದಾರೆ, ಅದು ಹಾಗೇ ಉಳಿದಿದೆ.

ಉಬುಂಟುವಿನಲ್ಲಿ ಲಾಗಿನ್ ಪರದೆ ತೋರಿಸುವುದು ಜಿಡಿಎಂ ಅನ್ನುವ ಪ್ರೋಗ್ರಾಂ. ಅದಕ್ಕೆ ತನ್ನದೇ ಒಂದು ಬಳಕೆದಾರ ಖಾತೆ ಇದೆ, ನಮಗೆ ಪಟ್ಟಿಯಲ್ಲಿ ಕಾಣುವುದಿಲ್ಲ. ಆ ಖಾತೆ ತನ್ನ ಭಾಷೆಯನ್ನು ತೆಗೆದುಕೊಳ್ಳುವುದು ಇಟಿಸಿ ಕಡತಕೋಶದ, ಅಂದರೆ ಫೋಲ್ಡರಿನ, ಒಳಗಿನ ಡಿಫಾಲ್ಟ್ ಕಡತಕೋಶದಲ್ಲಿ ಇರುವ ಲೋಕೇಲ್ ಅನ್ನುವ ಸಣ್ಣ ಕಡತದಿಂದ, ಅಂದರೆ ಫೈಲಿನಿಂದ. ಲಿನಕ್ಸಿನ ಇನ್ನೊಂದು ಬಗೆಯಾದ ಫೆಡೋರಾದಲ್ಲಾದರೆ ಇಟಿಸಿ ಒಳಗೇ ಲೋಕೇಲ್ ಡಾಟ್ ಕಾನ್ಫ್ ಅಂತ ಇರುತ್ತದೆ. ಎರಡೂ ಹತ್ತು ಹನ್ನೆರಡು ಸಾಲು ಮೀರದ ಕಡತಗಳು.

ಟರ್ಮಿನಲ್ ಅಂದರೆ ಆದೇಶಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ. ಅದರಲ್ಲಿ ಉಬುಂಟುವಿನ ಆ ಲೋಕೇಲ್ ಕಡತವನ್ನು ತೆರೆದೆ. ಮೊದಲ ಸಾಲಿನಲ್ಲಿ ಲ್ಯಾಂಗ್ ಅಂತ ಇತ್ತು, ಅದರ ಮುಂದೆ ಎಆರ್, ಒಂದು ಅಡಿಗೆರೆ, ಕೆಡಬ್ಲ್ಯೂ. ಅಂದರೆ ಅರಬ್ಬಿ ಭಾಷೆ, ಕುವೈತ್ ದೇಶ. ಅದನ್ನು ಕೆಎನ್, ಅಡಿಗೆರೆ, ಐಎನ್ ಅಂತ ಮಾಡಿದೆ. ಕನ್ನಡ, ಇಂಡಿಯಾ. ಅಕ್ಷರಗಳನ್ನು ಯಂತ್ರ ಬರೆದಿಡುವ ಕ್ರಮವನ್ನು ಹೇಳುವ ಯುಟಿಎಫ್-8 ಅನ್ನುವ ಬಾಲವನ್ನು ಹಾಗೇ ಬಿಟ್ಟೆ. ಸೇವ್ ಮಾಡಿ ರೀಸ್ಟಾರ್ಟ್ ಮಾಡಿದೆ.

ಬಂದದ್ದು ಇಂಗ್ಲಿಷ್.

"ಆಯ್ತಲ್ಲ! ಸರಿ ಆಯ್ತು ನೋಡು" ಅಂತ ಚಿಕ್ಕಪ್ಪ ಖುಷಿಪಟ್ಟರು. ನಿಜ ಹೇಳಬೇಕೆಂದರೆ ನನಗೂ ಒಂದು ಕ್ಷಣ ಕೆಲಸ ಮುಗಿದ ಹಾಗೆ ಅನಿಸಿತು. ಅರಬ್ಬಿ ಹೋಯಿತು, ಪರದೆ ನೆಟ್ಟಗಾಯಿತು, ಇನ್ನೇನು? ಚಿಕ್ಕಮ್ಮ ಮಾತ್ರ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು. ತುಂಬಾ ಹೊತ್ತು ನೋಡಿದರು. ಮತ್ತೆ ಮೆಲ್ಲಗೆ, "ಇದರಲ್ಲಿ ನಾನು ಎಲ್ಲಿ ಒತ್ಬೇಕು?" ಅಂತ ಕೇಳಿದರು.

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಮಣಿಪಾಲದಲ್ಲಿ ದಿನಾ ಕಂಪ್ಯೂಟರುಗಳ ನಡುವೆಯೇ ಕೆಲಸ ಮಾಡುವವಳು. ಎಷ್ಟೋ ಲಿನಕ್ಸ್ ಯಂತ್ರಗಳನ್ನು ಎಷ್ಟೋ ಜನರಿಗೆ ಹಾಕಿ ಕೊಟ್ಟಿದ್ದೇನೆ. ಲಾಗಿನ್ ಪರದೆ ಅರಬ್ಬಿಯಲ್ಲೋ ಜರ್ಮನ್‌ನಲ್ಲೋ ಬಂದರೆ ನಾವು ತಪ್ಪು ಭಾಷೆ ಅನ್ನುತ್ತೇವೆ, ಕೂಡಲೇ ಸರಿ ಮಾಡಲು ಕೂರುತ್ತೇವೆ. ಇಂಗ್ಲಿಷಿನಲ್ಲಿ ಬಂದರೆ ಅದನ್ನು ತಪ್ಪು ಅಂತ ಯಾರೂ ಅನ್ನುವುದಿಲ್ಲ. ಆ ಮನೆಯಲ್ಲಿ ಯಾರಿದ್ದಾರೆ, ಅವರು ಏನು ಓದುತ್ತಾರೆ ಅಂತ ನಾನು ಕೂಡ ಕೇಳಿದವಳಲ್ಲ. ಚಿಕ್ಕಮ್ಮ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಬೆಳಗ್ಗೆ ಪೇಪರ್ ಬಂದರೆ ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಒಂದಕ್ಷರ ಬಿಡುವುದಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಗುರುತಿಸುತ್ತಾರೆ, ಆದರೆ ಜೋಡಿಸಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಸುಸ್ತಾಗುತ್ತದೆ. ಓದು ಬರುವವರನ್ನು ನಾವು ಆ ಪರದೆಯ ಮುಂದೆ ಓದು ಬಾರದವರ ಹಾಗೆ ಕೂರಿಸುತ್ತಿದ್ದೆವು. ಮೊದಲು ಅರಬ್ಬಿಯಿಂದ, ಈಗ ಇಂಗ್ಲಿಷಿನಿಂದ. ಅವರ ಪಾಲಿಗೆ ಆ ಎರಡರ ನಡುವೆ ಜಾಸ್ತಿ ವ್ಯತ್ಯಾಸ ಇರಲಿಲ್ಲ.

ಮತ್ತೆ ಕೂತೆ.

ಕನ್ನಡ ಅಂತ ಬರೆದರೂ ಇಂಗ್ಲಿಷ್ ಯಾಕೆ ಬಂತು ಅಂದರೆ, ಆ ಯಂತ್ರದಲ್ಲಿ ಕನ್ನಡದ ಲೋಕೇಲ್ ತಯಾರೇ ಆಗಿರಲಿಲ್ಲ. ಲೋಕೇಲ್ ಅಂದರೆ ಒಂದು ಭಾಷೆ ಮತ್ತು ದೇಶಕ್ಕೆ ಸಂಬಂಧಪಟ್ಟ ರೂಢಿಗಳ ಕಟ್ಟು. ತಿಂಗಳ ಹೆಸರು, ವಾರದ ಹೆಸರು, ಹಣದ ಗುರುತು, ಪದಗಳನ್ನು ಜೋಡಿಸುವ ಕ್ರಮ, ಇಂಥದ್ದೆಲ್ಲ ಅದರಲ್ಲಿ ಇರುತ್ತದೆ. ಕೇಳಿದ ಲೋಕೇಲ್ ಸಿಗದಿದ್ದರೆ ಲಿನಕ್ಸ್ ಸುಮ್ನೆ ತನ್ನ ಮೂಲ ಸ್ಥಿತಿಗೆ ಹೋಗಿಬಿಡುತ್ತದೆ, ಮತ್ತು ಅಲ್ಲಿ ಇರುವುದು ಇಂಗ್ಲಿಷ್. ಲೋಕೇಲ್ ಎಂಬ ಆದೇಶಕ್ಕೆ ಎ ಅನ್ನುವ ಆಯ್ಕೆ ಕೊಟ್ಟು ನೋಡಿದರೆ ಏನೇನು ತಯಾರಿದೆ ಅಂತ ಪಟ್ಟಿ ಬರುತ್ತದೆ. ನೋಡಿದೆ. ಅರಬ್ಬಿ ಇತ್ತು, ಇಂಗ್ಲಿಷ್ ಇತ್ತು, ಕನ್ನಡ ಇರಲಿಲ್ಲ.

ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಕನ್ನಡದ ಭಾಷಾ ಪ್ಯಾಕ್ ಇಳಿಸಲು ಶುರು ಮಾಡಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಅರ್ಧ ಗಂಟೆಯದ್ದು. ಚಿಕ್ಕಪ್ಪ ಟಾರ್ಚ್ ಹಿಡಿದು ನಿಂತರು, ಪರದೆಗೆ ಬೆಳಕು ಬೇಕಾಗಿಲ್ಲದಿದ್ದರೂ. ಪ್ಯಾಕ್ ಇಳಿಯಿತು, ಅದರ ಜೊತೆಗೇ ಲೋಕೇಲ್ ಕೂಡ ತಯಾರಾಯಿತು. ಅಕ್ಷರಕ್ಕೆ ಬೇಕಾದ ಫಾಂಟುಗಳು ಮೊದಲೇ ಇದ್ದವು. ಉಬುಂಟುವಿನಲ್ಲಿ ಕನ್ನಡದ ಫಾಂಟುಗಳಿಗೆ ಗುಬ್ಬಿ, ನವಿಲು ಅಂತ ಹೆಸರಿದೆ. ಯಾರು ಇಟ್ಟರೋ, ಎಷ್ಟು ಚಂದದ ಹೆಸರು ಅಲ್ವಾ!

ರೀಸ್ಟಾರ್ಟ್. ಮೂವರೂ ನೋಡುತ್ತಾ ಕೂತೆವು.

ಅರಬ್ಬಿ ವಾಪಸ್ ಬಂತು.

ಎದೆ ಧಸಕ್ ಅಂದಿತು. ಕನ್ನಡ ಅಂತ ಬರೆದಿದ್ದೇನೆ, ಕನ್ನಡ ತಯಾರಿದೆ, ಆದರೂ ಅರಬ್ಬಿ ಎಲ್ಲಿಂದ? ಅದೇ ಕಡತವನ್ನು ಮತ್ತೆ ತೆರೆದು ಈ ಸಲ ಪ್ರತಿ ಸಾಲನ್ನೂ ಓದಿದೆ. ಲ್ಯಾಂಗ್ ಸಾಲಿನ ಕೆಳಗೆ ಲ್ಯಾಂಗ್ವೇಜ್ ಅನ್ನುವ ಇನ್ನೊಂದು ಸಾಲಿತ್ತು. ಅದರ ಮುಂದೆ ಎಆರ್, ಆಮೇಲೆ ಇಎನ್. ಮೊದಲು ಅರಬ್ಬಿಯಲ್ಲಿ ಹುಡುಕು, ಸಿಗದಿದ್ದರೆ ಇಂಗ್ಲಿಷಿನಲ್ಲಿ ಹುಡುಕು ಅಂತ ಅದರ ಅರ್ಥ. ಪರದೆಯ ಮೇಲಿನ ಮಾತುಗಳನ್ನು ಯಾವ ಭಾಷೆಯಲ್ಲಿ ತೋರಿಸಬೇಕು ಅನ್ನುವ ವಿಷಯದಲ್ಲಿ ಲ್ಯಾಂಗ್‌ಗಿಂತ ಲ್ಯಾಂಗ್ವೇಜ್ ಮಾತೇ ಮೇಲು. ಆದರೆ ಲೋಕೇಲ್ ಸಿಗದೆ ಯಂತ್ರ ಮೂಲ ಸ್ಥಿತಿಗೆ ಹೋದಾಗ ಲ್ಯಾಂಗ್ವೇಜ್ ಸಾಲನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮೊದಲ ಸಲ ಇಂಗ್ಲಿಷ್ ಬಂದಿತ್ತು. ಈಗ ಲೋಕೇಲ್ ಸರಿಯಾದ ಕೂಡಲೇ ಆ ಸಾಲಿಗೂ ಜೀವ ಬಂದಿತ್ತು. ಒಂದನ್ನು ಸರಿ ಮಾಡಿದ್ದರಿಂದಲೇ ಇನ್ನೊಂದು ಎದ್ದು ಕೂತದ್ದು. ಇಂಗ್ಲಿಷ್ ಬಂದಲ್ಲಿಗೆ ಬಿಟ್ಟಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಲ್ಯಾಂಗ್ವೇಜ್ ಸಾಲಿನಲ್ಲಿ ಎಆರ್ ತೆಗೆದು ಕೆಎನ್ ಹಾಕಿದೆ. ಪಕ್ಕದ ಇಎನ್ ಹಾಗೇ ಇರಲಿ ಅಂತ ಬಿಟ್ಟೆ. ಕನ್ನಡಕ್ಕೆ ಅನುವಾದ ಆಗದ ಮಾತು ಏನಾದರೂ ಇದ್ದರೆ ಅದು ಇಂಗ್ಲಿಷಿನಲ್ಲಾದರೂ ಕಾಣಬೇಕಲ್ಲ. ಜೊತೆಗೆ ಡಿಫಾಲ್ಟ್ ಕಡತಕೋಶದಲ್ಲೇ ಇರುವ ಕೀಬೋರ್ಡ್ ಅನ್ನುವ ಕಡತದಲ್ಲಿ ಅರಬ್ಬಿ ವಿನ್ಯಾಸ ತೆಗೆದು ಇಂಗ್ಲಿಷ್ ಒಂದನ್ನೇ ಇಟ್ಟೆ. ಇಲ್ಲಿ ಕನ್ನಡ ಇಡದೆ ಇದ್ದದ್ದು ಬೇಕೆಂದೇ. ಪಾಸ್‌ವರ್ಡಿನಲ್ಲಿ ಚುಕ್ಕೆಗಳು ಮಾತ್ರ ಕಾಣುವಾಗ ಒತ್ತಕ್ಷರ ಸರಿಯಾಗಿ ಬಿತ್ತೋ ಇಲ್ಲವೋ ಅಂತ ತಿಳಿಯುವುದು ಕಷ್ಟ. ಯಂತ್ರ ಕೈಕೊಟ್ಟರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ, ಆದೇಶಗಳನ್ನು ಟೈಪ್ ಮಾಡುವ ಕಪ್ಪು ಪರದೆಗೆ ಹೋಗಬೇಕಾಗುತ್ತದೆ. ಅಲ್ಲಿ ಒಮ್ಮೆಗೆ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಮಾತ್ರ ಜಾಗ. ಒತ್ತು, ಕೊಂಬು, ದೀರ್ಘಗಳನ್ನು ಅಕ್ಷರಕ್ಕೆ ಕೂಡಿಸಲು ಅದಕ್ಕೆ ಬರುವುದಿಲ್ಲ. ಕನ್ನಡವೆಲ್ಲ ಡಬ್ಬಿ ಡಬ್ಬಿಯಾಗಿ ಕಾಣುತ್ತದೆ. ಹಾಗಾಗಿ ಕನ್ನಡದ ಮನೆಯಲ್ಲೂ ಪಾಸ್‌ವರ್ಡನ್ನು ಇಂಗ್ಲಿಷ್ ಅಕ್ಷರ, ಅಂಕೆಗಳಲ್ಲಿ ಇಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ರೀಸ್ಟಾರ್ಟ್ ಮಾಡುವ ಮೊದಲು ಚಿಕ್ಕಮ್ಮನಿಗೆ ಅಂತ ಒಂದು ಹೊಸ ಖಾತೆ ತೆರೆದೆ. ಲಾಗಿನ್ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಇರಬೇಕು. ಆದರೆ ಪರದೆಯ ಮೇಲೆ ಕಾಣುವ ಪೂರ್ತಿ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಬರೆದೆ.

ಈ ಸಲ ಬಂತು.

ಚಿಕ್ಕಮ್ಮ ಏನೂ ಮಾತಾಡಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ತಮ್ಮ ಹೆಸರನ್ನು ಓದಿದರು. ಶಾಲೆಯಲ್ಲಿ ಮಕ್ಕಳು ಓದುವ ಹಾಗೆ, ಅಕ್ಷರಕ್ಕೊಂದು ಸಲ ಬೆರಳು ಸರಿಸಿ. ಅದರ ಕೆಳಗೆ ಚಿಕ್ಕಪ್ಪನ ಹೆಸರು ಇಂಗ್ಲಿಷಿನಲ್ಲಿತ್ತು. ತಮ್ಮ ಹೆಸರನ್ನು ಒತ್ತಿದರು. ಪೆಟ್ಟಿಗೆ ಬಂತು, ಅದರಲ್ಲಿ ತಿಳಿಯಾಗಿ ಒಂದು ಪದ.

"ಗುಪ್ತಪದ," ಅಂತ ಓದಿದರು. "ಅಂದ್ರೆ ಪಾಸ್‌ವರ್ಡಾ?"

"ಹೌದು ಚಿಕ್ಕಮ್ಮ."

"ದೇವಸ್ಥಾನದಲ್ಲಿ ಗುಪ್ತದಾನ ಅಂತಾರಲ್ಲ, ಹಾಗೆ. ಹೆಸರು ಹೇಳದೆ ಹಾಕುದು" ಅಂತ ತಾವೇ ಅರ್ಥ ಮಾಡಿಕೊಂಡರು.

ಈ ಅನುವಾದದ ಪದಗಳ ಬಗ್ಗೆ ನನ್ನ ಸ್ನೇಹಿತರ ನಡುವೆ ಎಷ್ಟೋ ಸಲ ವಾದ ಆಗಿದೆ. ಕಡತ, ಕಡತಕೋಶ, ಗುಪ್ತಪದ, ಇದೆಲ್ಲ ಯಾರಿಗೆ ಅರ್ಥ ಆಗುತ್ತದೆ, ಪಾಸ್‌ವರ್ಡ್ ಅಂತಲೇ ಬರೆದರೆ ಏನಾಗುತ್ತದೆ ಅನ್ನುವವರೇ ಜಾಸ್ತಿ. ನಾನೂ ಹಾಗೇ ಅನ್ನುತ್ತಿದ್ದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ಅರ್ಥ ಆಗದ ಕನ್ನಡ ಪದಕ್ಕೂ ಒಂದು ಹಿಡಿ ಇರುತ್ತದೆ, ಗೊತ್ತಿರುವ ಇನ್ನೊಂದು ಪದದಿಂದ ಅದನ್ನು ಹಿಡಿದು ಎಳೆಯಬಹುದು. ಈ ಅನುವಾದಗಳನ್ನು ಮಾಡಿದವರಲ್ಲಿ ಎಷ್ಟೋ ಜನ ಬಿಡುವಿನ ಹೊತ್ತಿನಲ್ಲಿ, ದುಡ್ಡಿನ ಆಸೆ ಇಲ್ಲದೆ ಮಾಡಿದವರು. ಶಂಕರಪುರದ ಒಂದು ಚಾವಡಿಯಲ್ಲಿ ಅವರ ಒಂದು ಪದ ಹೀಗೆ ಕೆಲಸಕ್ಕೆ ಬಂತು ಅಂತ ಅವರಿಗೆ ತಿಳಿಯಲಿ ಅನ್ನುವುದೂ ನಾನು ಇದನ್ನು ಬರೆಯಲು ಒಂದು ಕಾರಣ.

"ಮೇಲೆ ಒಂದು ಉಳಿದಿದೆ ನೋಡು" ಅಂದರು ಚಿಕ್ಕಮ್ಮ.

ಪರದೆಯ ನೆತ್ತಿಯಲ್ಲಿ ಗಡಿಯಾರದ ಪಕ್ಕ ತಿಂಗಳ ಹೆಸರು ಇನ್ನೂ ಅರಬ್ಬಿಯಲ್ಲೇ ಇತ್ತು. ನಾನು ಗಮನಿಸಿರಲೇ ಇಲ್ಲ. ಆ ಕಡತದಲ್ಲಿ ದಿನ ಮತ್ತು ಸಮಯಕ್ಕೆ ಎಲ್‌ಸಿ ಟೈಮ್ ಅನ್ನುವ ಬೇರೆ ಸಾಲು, ಹಣಕ್ಕೆ ಬೇರೆ, ಅಂಕೆಗಳಿಗೆ ಬೇರೆ. ಎಲ್ಲದರ ಮುಂದೆಯೂ ಕುವೈತ್ ಇತ್ತು. ಎಲ್ಲವನ್ನೂ ಊರಿಗೆ ತಂದೆ. ನಾಲ್ಕನೇ ರೀಸ್ಟಾರ್ಟ್ ಆದ ಮೇಲೆ ಮೇಲ್ಗಡೆ ಜುಲೈ ಅಂತ ಕನ್ನಡದಲ್ಲಿ ಬಂತು.

ಇಷ್ಟೆಲ್ಲ ಕೈಯಾರೆ ಮಾಡಬೇಕಾಗಿಯೂ ಇಲ್ಲ. ಉಬುಂಟುವಿನ ಸೆಟ್ಟಿಂಗ್ಸಿನಲ್ಲಿ ಪ್ರದೇಶ ಮತ್ತು ಭಾಷೆಯ ವಿಭಾಗಕ್ಕೆ ಹೋದರೆ, ಹಾಕಿರುವ ಭಾಷೆಗಳನ್ನು ನೋಡಿಕೊಳ್ಳಲು ಒಂದು ಗುಂಡಿ ಇದೆ. ಅಲ್ಲಿ ಕನ್ನಡವನ್ನು ಸೇರಿಸಿ, ಪಟ್ಟಿಯಲ್ಲಿ ಎಳೆದು ಎಲ್ಲಕ್ಕಿಂತ ಮೇಲಿಟ್ಟು, ಇಡೀ ವ್ಯವಸ್ಥೆಗೆ ಅನ್ವಯಿಸುವ ಗುಂಡಿ ಒತ್ತಬೇಕು. ಆ ಕೊನೆಯ ಗುಂಡಿ ಮರೆತರೆ ಕೋಣೆ ಮಾತ್ರ ಬದಲಾಗುತ್ತದೆ, ಜಗಲಿ ಹಾಗೇ ಉಳಿಯುತ್ತದೆ. ದಿನಾಂಕ, ಹಣದ ರೂಢಿಗೆ ಪಕ್ಕದಲ್ಲೇ ಇನ್ನೊಂದು ಟ್ಯಾಬ್ ಇದೆ, ಅಲ್ಲೂ ಅದೇ ಗುಂಡಿ ಇನ್ನೊಮ್ಮೆ. ಟರ್ಮಿನಲ್ ಅಂದರೆ ಹೆದರುವವರು ಈ ದಾರಿಯಲ್ಲಿ ಹೋಗಿ.

ಸಂಜೆ ಚಹಾ ಕುಡಿಯುವಾಗ ಚಿಕ್ಕಮ್ಮ, "ತುಳು ಇಲ್ವಾ ಇದರಲ್ಲಿ?" ಅಂತ ಕೇಳಿದರು. ಇದೆ ಅಂತಲೂ ಹೇಳಬಹುದು, ಇಲ್ಲ ಅಂತಲೂ ಹೇಳಬಹುದು. ಟಿಸಿವೈ ಅನ್ನುವುದು ತುಳುವಿನ ಸಂಕೇತ. ಲಿನಕ್ಸಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದ ತುಳು ಲೋಕೇಲ್ ಇದೆ. ಆದರೆ ಪರದೆಯ ಮಾತುಗಳ ಅನುವಾದ ಆಗದೆ ಅದರಿಂದ ಪರದೆ ತುಳುವಿನಲ್ಲಿ ಮಾತಾಡುವುದಿಲ್ಲ. ಕೊಂಕಣಿಗೂ ಲೋಕೇಲ್ ಇದೆ, ಅದು ನಾಗರಿಯಲ್ಲಿ. ಮಂಗಳೂರಿನ ಕೊಂಕಣಿಯವರಲ್ಲಿ ಎಷ್ಟೋ ಜನ ತಮ್ಮ ಭಾಷೆ ಬರೆಯುವುದು ಕನ್ನಡ ಲಿಪಿಯಲ್ಲಿ. ಅವರ ಜಗಲಿಯ ಕೆಲಸವೂ ಬಾಕಿ ಇದೆ.

ಕತ್ತಲಾಗುವ ಮೊದಲು ಲಿಬ್ರೆ ಆಫೀಸಿನಲ್ಲಿ ಲೆಕ್ಕದ ಹಾಳೆ ತೆರೆದು ಕೊಟ್ಟೆ. ಚಿಕ್ಕಮ್ಮನ ಖಾತೆಯಲ್ಲಿ ಕನ್ನಡ ಬರೆಯಲು ಕಗಪ ಅನ್ನುವ ಕೀಬೋರ್ಡ್ ವಿನ್ಯಾಸ ಸೇರಿಸಿದ್ದೆ. ಅದರ ಹಿಂದಿರುವವರು ಕೆ.ಪಿ. ರಾವ್. ಅವರ ಹೆಸರಿನ ಕೆ ಅಂದರೆ ಕಿನ್ನಿಕಂಬಳ, ಮಂಗಳೂರಿನ ಪಕ್ಕದ ಊರು. "ಹೌದಾ, ನಮ್ಮ ಕಡೆಯವರಾ!" ಅಂತ ಚಿಕ್ಕಮ್ಮನಿಗೆ ಆಶ್ಚರ್ಯ. ಅವರು ಮೊದಲು ಬರೆಯಲು ಹೊರಟ ಪದ ಅಟ್ಟೆ. ಅದರಲ್ಲಿ ಟ ಎರಡು ಸಲ ಬರುತ್ತದೆ. ಟ ಇರುವುದು ಕ್ಯೂ ಅಕ್ಷರದ ಕೀಲಿಯಲ್ಲಿ, ಎರಡನ್ನೂ ಬೆಸೆಯುವ ಅರ್ಧಾಕ್ಷರದ ಗುರುತು ಎಫ್‌ನಲ್ಲಿ. ಕ್ಯೂ, ಎಫ್, ಕ್ಯೂ. ದಿನಾ ಬಾಳೆನಾರಿನಲ್ಲಿ ಹೂವು ಕಟ್ಟುವ ಬೆರಳುಗಳು. ಮೂರನೇ ಸಲಕ್ಕೆ ನೋಡದೆ ಒತ್ತಿದವು.

ಒಂದು ವಾರ ಬಿಟ್ಟು ಚಿಕ್ಕಪ್ಪನ ಫೋನ್ ಬಂತು. ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಅಂದುಕೊಂಡೆ. ಹಾಗಲ್ಲ. ದಿನಾ ಬೆಳಗ್ಗೆ ಚಿಕ್ಕಮ್ಮ ಲ್ಯಾಪ್‌ಟಾಪ್ ತೆರೆಯುವಾಗ ಅವರೂ ಪಕ್ಕದಲ್ಲಿ ಕೂರುತ್ತಾರಂತೆ.

"ಅಲ್ಲಿ ನನ್ನ ಹೆಸರು ಇನ್ನೂ ಇಂಗ್ಲಿಷಲ್ಲೇ ಇದೆ. ಅವಳದ್ದು ಮಾತ್ರ ಕನ್ನಡದಲ್ಲಿ. ನನ್ನದೂ ಹಾಗೆ ಮಾಡ್ಲಿಕ್ಕೆ ಆಗ್ತದಾ?"

ಆಗುತ್ತದೆ ಅಂದೆ. ಅದಕ್ಕೆ ನಾನು ಬರಬೇಕಾಗಿಲ್ಲ, ಸೆಟ್ಟಿಂಗ್ಸಿನಲ್ಲಿ ಬಳಕೆದಾರರ ವಿಭಾಗಕ್ಕೆ ಹೋಗಿ, ನಿಮ್ಮ ಹೆಸರಿನ ಪಕ್ಕ ಪೆನ್ಸಿಲ್ ಗುರುತು ಇದೆ, ಅದನ್ನು ಒತ್ತಿ ಅಂತ ಹೇಳಿದೆ. ಫೋನ್ ಮೇಜಿನ ಮೇಲಿಟ್ಟ ಸದ್ದು ಕೇಳಿತು. ಆಮೇಲೆ ಚಿಕ್ಕಮ್ಮನ ದನಿ, ಯಾವ ಅಕ್ಷರ ಎಲ್ಲಿದೆ ಅಂತ ಅವರಿಗೆ ಒಂದೊಂದಾಗಿ ಹೇಳಿಕೊಡುತ್ತಿದ್ದರು.